ಪೀಠವಸ್ತ್ರದ ಅಂಚು



ಮಾತೆ ಮರಿಯಮ್ಮನವರ ಜನನೋತ್ಸವ ಸಮೀಪಿಸುತ್ತಿದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುನ್ನ ಧ್ವಜಾರೋಹಣ, ಒಂಬತ್ತು ದಿನಗಳ ನವೇನ, ತೇರಿನ ಅಲಂಕಾರ, ಗಾಯನವೃಂದದ ಅಭ್ಯಾಸ ಎಂದು ನಮ್ಮ ಧರ್ಮಕೇಂದ್ರಗಳಲ್ಲಿ ಓಡಾಟ ಆರಂಭವಾಗುತ್ತದೆ. ಇದೇ ದಿನಗಳಲ್ಲಿ ದೇವಾಲಯದ ಹಿಂದಿನ ಕೋಣೆಯ ಬೀರು ತೆರೆದುಕೊಳ್ಳುತ್ತದೆ. ವರ್ಷವಿಡೀ ಮಡಚಿಟ್ಟಿದ್ದ ಹಬ್ಬದ ಪೀಠವಸ್ತ್ರ ಹೊರಬರುತ್ತದೆ. ಅದನ್ನು ಬಿಡಿಸಿ ಬಲಿಪೀಠದ ಮೇಲೆ ಹಾಸಿದಾಗ ಮುಂಭಾಗದಲ್ಲಿ ಇಳಿಬಿದ್ದ ಬಿಳಿ ಕ್ರೋಶಾ ಅಂಚು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದು ಹೇಗೆ ಆಯಿತು, ಯಾರ ಕೈಯಿಂದ ಆಯಿತು ಎಂದು ಕೇಳಿದವರು ವಿರಳ. ನಾವೂ ಬಹಳ ಕಾಲ ಕೇಳಿರಲಿಲ್ಲ. ಒಂದು ಹಬ್ಬದ ಹಿಂದಿನ ದಿನಗಳಲ್ಲಿ ನಮ್ಮಿಂದಲೇ ಆದ ಒಂದು ತಪ್ಪು ನಮ್ಮನ್ನು ಕೇಳುವಂತೆ ಮಾಡಿತು. ಅಂದು ಕಲಿತದ್ದನ್ನು ಈ ಬಾರಿ ನಿಮ್ಮೊಡನೆ ಹಂಚಿಕೊಳ್ಳುತ್ತೇವೆ. ಮನೆಯಲ್ಲಿ ಕರವಸ್ತ್ರಕ್ಕೋ ಟೇಬಲ್ ಬಟ್ಟೆಗೋ ಮಗುವಿನ ದೀಕ್ಷಾಸ್ನಾನದ ಅಂಗಿಗೋ ಅಂಚು ಹೆಣೆಯಬೇಕೆನ್ನುವವರಿಗೂ ಇದು ನೆರವಾದೀತು.

ಅಂಚು ಏಕೆ?

ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ಕತ್ತರಿಸಿದ ಕಡೆ ಎಳೆಗಳು ಬಿಡುತ್ತಾ ಹೋಗುತ್ತವೆ. ಹಾಗಾಗಿ ಅಂಚನ್ನು ಮಡಚಿ ಹೊಲಿಯುತ್ತೇವೆ. ಅದರ ಮೇಲೆ ಕ್ರೋಶಾದ ಸಾಲು ಬಂದರೆ ಬಟ್ಟೆಯ ಅತಿ ದುರ್ಬಲ ಜಾಗಕ್ಕೆ ಇನ್ನೊಂದು ಕಾವಲು ಸಿಕ್ಕಂತಾಯಿತು. ಒಗೆಯುವಾಗ, ಹಿಂಡುವಾಗ, ಎಳೆದು ಹಾಸುವಾಗ ಮೊದಲು ಪೆಟ್ಟು ತಿನ್ನುವುದು ಅಂಚು. ಇಳಿಬಿದ್ದ ಅಂಚಿನ ಅಲ್ಪ ಭಾರದಿಂದ ವಸ್ತ್ರ ಗಾಳಿಗೆ ಹಾರದೆ ನೆಟ್ಟಗೆ ನಿಲ್ಲುತ್ತದೆ. ಅಂದ ಬಂದದ್ದು ಈ ಕೆಲಸದ ಜೊತೆಯಲ್ಲಿಯೇ.

ಪವಿತ್ರ ಗ್ರಂಥಕ್ಕೂ ಬಟ್ಟೆಯ ಅಂಚು ಅಪರಿಚಿತವಲ್ಲ. ಉಡುಪಿನ ಮೂಲೆಗಳಿಗೆ ಗೊಂಡೆ ಕಟ್ಟಿಕೊಳ್ಳಬೇಕೆಂಬ ವಿಧಿ ಸಂಖ್ಯಾಕಾಂಡದ 15ನೆಯ ಅಧ್ಯಾಯದಲ್ಲಿದೆ. ಆ ಗೊಂಡೆಯನ್ನು ಕಂಡಾಗಲೆಲ್ಲ ದೇವರ ಆಜ್ಞೆಗಳು ನೆನಪಾಗಬೇಕೆಂಬುದು ಅದರ ಉದ್ದೇಶ. ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳಿದ ಹೆಂಗಸು ಜನಜಂಗುಳಿಯ ನಡುವೆ ಮುಟ್ಟಿದ್ದು ಯೇಸುಸ್ವಾಮಿಯ ಉಡುಪಿನ ಅಂಚನ್ನೇ. ಅಷ್ಟು ಜನರ ತಳ್ಳಾಟದಲ್ಲಿ ಆ ಮೆಲ್ಲನೆಯ ಸ್ಪರ್ಶವನ್ನು ಗುರುತಿಸಿ, ಮುಟ್ಟಿದವರು ಯಾರೆಂದು ಪ್ರಭು ನಿಂತು ಕೇಳಿದರು. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳೋಣ. ಲೇಖನದ ಕೊನೆಯಲ್ಲಿ ಅದು ನಮ್ಮ ಕಡೆಗೇ ತಿರುಗಲಿದೆ.

ಕ್ರೋಶಾ ಬಂದ ದಾರಿ

ಫ್ರೆಂಚ್ ಭಾಷೆಯಲ್ಲಿ ಕ್ರೋಶೆ ಎಂದರೆ ಪುಟ್ಟ ಕೊಕ್ಕೆ. ಒಂದೇ ಕೊಕ್ಕೆಕಡ್ಡಿ, ಒಂದೇ ಎಳೆ ನೂಲು. ಇಷ್ಟೇ ಬಂಡವಾಳದಿಂದ ಲೇಸು ಹೆಣೆಯುವ ಈ ವಿದ್ಯೆ 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹರಡಿತು. ಐರ್ಲೆಂಡಿನಲ್ಲಿ ಅದು ಅನ್ನದ ಪ್ರಶ್ನೆಯಾಯಿತು. 1845ರಿಂದ ಅಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ, ಅದನ್ನೇ ನಂಬಿದ್ದ ಬಡ ಕುಟುಂಬಗಳು ಹಸಿವಿನಿಂದ ಸಾಯತೊಡಗಿದವು. ಕಾರ್ಕ್ ನಗರದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲೈನ್ ಕನ್ಯಾಸ್ತ್ರೀಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ 1847ರಲ್ಲಿ ಕಸಾಂಡ್ರಾ ಹ್ಯಾಂಡ್ ಎಂಬ ಮಹಿಳೆ, ಅಲ್ಲಿನ ಪ್ರೊಟೆಸ್ಟೆಂಟ್ ಪಾದ್ರಿಯ ಮಡದಿ, ಇದೇ ಕೆಲಸವನ್ನು ಆರಂಭಿಸಿದರು. ಸಭೆಗಳು ಬೇರೆಯಾದರೂ ಹಸಿವು ಒಂದೇ ಆಗಿತ್ತು. ಹೆಂಗಸರು ಹೆಣೆದ ಲೇಸನ್ನು ಮಾರಿ ಬಂದ ಹಣದಿಂದ ಎಷ್ಟೋ ಮನೆಗಳ ಒಲೆ ಉರಿಯಿತು.

ನಮ್ಮ ನೆರೆಯ ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರಕ್ಕೆ ಕ್ರೋಶಾ ಬಂದದ್ದೂ 19ನೆಯ ಶತಮಾನದಲ್ಲಿ, ಮಿಷನರಿಗಳ ಮೂಲಕ. ಇಂದಿಗೂ ಆ ಊರಿನ ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಲೇಸು ಹೆಣೆಯುತ್ತಾರೆ. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ನಮ್ಮ ಕರ್ನಾಟಕದಲ್ಲಿ ಕಾನ್ವೆಂಟುಗಳ ಹೊಲಿಗೆ ತರಗತಿಯಲ್ಲಿ ಕ್ರೋಶಾ ಕಲಿತ ತಾಯಂದಿರು ಇನ್ನೂ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅದು ಇನ್ನೊಂದು ಬಾಗಿಲಿನಿಂದಲೂ ಮನೆಗಳಿಗೆ ಬಂದಿದೆ: ಸೀರೆಯ ಕುಚ್ಚು. ಸೆರಗಿಗೆ ಕ್ರೋಶಾ ಕಡ್ಡಿಯಿಂದ ಕುಚ್ಚು ಹಾಕಿಕೊಟ್ಟು ಸಂಸಾರ ತೂಗಿಸುವ ಹೆಂಗಸರು ಊರೂರಿನಲ್ಲಿದ್ದಾರೆ. ಪೀಠವಸ್ತ್ರದ ಅಂಚಿನ ಕೆಲಸವೂ ಕುಚ್ಚಿನ ಕೆಲಸವೂ ಒಂದೇ ಬುಡದಿಂದ ಒಡೆದ ಎರಡು ಕೊಂಬೆಗಳು.

ಬೇಕಾಗುವ ಸಾಮಾನು

ಬಿಳಿ ಹತ್ತಿ ಬಟ್ಟೆ ಅಥವಾ ಲಿನನ್, ಹೊಳಪುಳ್ಳ ಹತ್ತಿಯ ಕ್ರೋಶಾ ನೂಲು, ಸ್ಟೀಲಿನ ಸಣ್ಣ ಕ್ರೋಶಾ ಕಡ್ಡಿ, ಸೂಜಿ, ಕತ್ತರಿ, ಅಳತೆ ಪಟ್ಟಿ. ನೂಲಿನ ಉಂಡೆಯ ಮೇಲೆ 10, 20, 40 ಎಂಬ ಅಂಕಿ ಇರುತ್ತದೆ. ಅಂಕಿ ಹೆಚ್ಚಾದಷ್ಟೂ ನೂಲು ತೆಳು. ಹೊಸದಾಗಿ ಕಲಿಯುವವರು 10ನ್ನು ಹಿಡಿಯಲಿ. ಪೀಠವಸ್ತ್ರಕ್ಕೆ 20 ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಒಂದರಿಂದ ಒಂದೂಕಾಲು ಮಿಲಿಮೀಟರಿನ ಕಡ್ಡಿ ಸಾಕು. ಬಿಳಿ ನೂಲು ಎಲ್ಲವೂ ಒಂದೇ ಬಿಳಿಯಲ್ಲ. ಆದ್ದರಿಂದ ಇಡೀ ಕೆಲಸಕ್ಕೆ ಬೇಕಾಗುವಷ್ಟನ್ನು ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳುವುದು ಒಳ್ಳೆಯದು.

ಮುಖ್ಯವಾದ ಮಾತೊಂದು. ಹೆಣೆಯುವ ಮೊದಲು ಬಟ್ಟೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹೆಣೆದ ಮೇಲೆ ಬಟ್ಟೆ ಕುಗ್ಗಿದರೆ ಅಂಚು ಉದ್ದವಾಗಿ ಉಳಿದು ಅಲೆಅಲೆಯಾಗಿ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಮತ್ತೆ ದಾರಿಯಿಲ್ಲ.

ಮೂರು ಹೊಲಿಗೆಗಳು, ಮತ್ತು ನಮ್ಮ ಚೀಟಿಯ ಕಥೆ

ಈ ಅಂಚಿಗೆ ಮೂರೇ ಹೊಲಿಗೆ ಸಾಕು.

ಮೊದಲನೆಯದು ಚೈನು. ಕಡ್ಡಿಯ ಮೇಲೆ ಒಂದು ಕುಣಿಕೆ ಇರಲಿ. ಕೊಕ್ಕೆಗೆ ನೂಲು ಸುತ್ತಿ ಆ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನು.

ಎರಡನೆಯದನ್ನು ಗಿಡ್ಡ ಹೊಲಿಗೆ ಎಂದು ಕರೆಯೋಣ. ಕಡ್ಡಿಯನ್ನು ಕೆಳಗಿನ ಹೊಲಿಗೆಯೊಳಗೆ ತೂರಿಸಿ ನೂಲನ್ನು ಎಳೆದುಕೊಳ್ಳಿ. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ನೂಲು ಸುತ್ತಿ ಎರಡರೊಳಗಿಂದಲೂ ಒಮ್ಮೆಲೇ ಎಳೆಯಿರಿ.

ಮೂರನೆಯದು ಕಂಬ. ಮೊದಲೇ ಕಡ್ಡಿಗೆ ಒಂದು ಸುತ್ತು ನೂಲು ಹಾಕಿ, ಆಮೇಲೆ ತೂರಿಸಿ ನೂಲು ಎಳೆದರೆ ಮೂರು ಕುಣಿಕೆ ಆಗುತ್ತದೆ. ನೂಲು ಸುತ್ತಿ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದೆರಡರಿಂದ ಎಳೆಯಿರಿ. ಇದು ಗಿಡ್ಡ ಹೊಲಿಗೆಗಿಂತ ಎತ್ತರವಾಗಿ, ಹೆಸರಿಗೆ ತಕ್ಕಂತೆ ಕಂಬದ ಹಾಗೆ ನಿಲ್ಲುತ್ತದೆ.

ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ ಎಂಬ ರೂಢಿಯ ಹೆಸರುಗಳನ್ನು ಬಿಟ್ಟು ಹೀಗೇಕೆ ಕರೆದೆವು? ಇಲ್ಲಿಯೇ ನಮ್ಮ ತಪ್ಪಿನ ಕಥೆಯಿದೆ. ಅಮೆರಿಕದವರು ಸಿಂಗಲ್ ಎನ್ನುವ ಗಿಡ್ಡ ಹೊಲಿಗೆಯನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದವರು ಡಬಲ್ ಎನ್ನುವ ಕಂಬಕ್ಕೆ ಬ್ರಿಟಿಷರ ಹೆಸರು ಟ್ರೆಬಲ್. ನಮ್ಮ ಹಿರಿಯ ತಾಯಂದಿರು ಕಾನ್ವೆಂಟಿನಲ್ಲಿ ಕಲಿತದ್ದು ಬ್ರಿಟಿಷ್ ಪುಸ್ತಕದ ಹೆಸರುಗಳನ್ನು. ಇಂದಿನ ಹೆಣ್ಣುಮಕ್ಕಳು ಮೊಬೈಲಿನಲ್ಲಿ ನೋಡಿ ಕಲಿಯುವುದು ಹೆಚ್ಚಾಗಿ ಅಮೆರಿಕದ ಹೆಸರುಗಳನ್ನು.

ಇದಾವುದೂ ತಿಳಿಯದ ನಾವು ಒಂದು ಹಬ್ಬಕ್ಕೆ ಹೊಸ ಪೀಠವಸ್ತ್ರ ಮಾಡಿಸಲು ಹೊರಟೆವು. ಎಲ್ಲಿಂದಲೋ ಸಿಕ್ಕ ಮಾದರಿಯನ್ನು ಚೀಟಿಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದವರೂ ನಾವೇ. ವಸ್ತ್ರದ ಉದ್ದ 2.8 ಮೀಟರ್, ಅಗಲ 1.2 ಮೀಟರ್, ಸುತ್ತಳತೆ 8 ಮೀಟರ್. ಅದು ಮೊದಲು ಒಂದು ಮನೆಗೆ ಹೋಯಿತು. ಅಲ್ಲಿ ಇಬ್ಬರು ಹೆಣ್ಣುಮಕ್ಕಳು ಬುಡದ ಸಾಲನ್ನು ಸುತ್ತಲೂ ಮುಗಿಸಿ, ಅರ್ಧ ಅಂಚನ್ನು ಹೆಣೆದರು. ಉಳಿದರ್ಧಕ್ಕೆ ಇನ್ನೊಂದು ಮನೆಗೆ ಹೋಯಿತು. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಮತ್ತು ಸೀರೆಗೆ ಕುಚ್ಚು ಹಾಕಿ ಜೀವನ ಮಾಡುವ ಒಬ್ಬ ವಿಧವೆ ಸೇರಿ ಹೆಣೆದರು. ಚೀಟಿಯಲ್ಲಿದ್ದದ್ದು ಒಂದೇ ಮಾತು: ಐದು ಡಬಲ್ ಕ್ರೋಶಾ. ಆ ಮನೆಯಲ್ಲಿ ಅದು ಕಂಬವಾಯಿತು, ಈ ಮನೆಯಲ್ಲಿ ಗಿಡ್ಡ ಹೊಲಿಗೆಯಾಯಿತು.

ಹಬ್ಬಕ್ಕೆ ಎರಡು ದಿನ ಇರುವಾಗ ವಸ್ತ್ರ ನಮ್ಮ ಕೈಗೆ ಬಂತು. ಹಾಸಿ ನೋಡಿದರೆ ಒಂದು ಕಡೆ ಚಿಪ್ಪುಗಳು ಅರಳಿ ನಿಂತಿವೆ, ಇನ್ನೊಂದು ಕಡೆ ಚಪ್ಪಟೆಯಾಗಿ ಮಲಗಿವೆ. ನಾಲ್ವರನ್ನೂ ಕರೆಸಿದೆವು. ಯಾರು ತಪ್ಪಿದರು ಎಂದು ನಾವು ಕೇಳಿದ ರೀತಿಯೂ ಅಷ್ಟೊಂದು ಮೃದುವಾಗಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಆ ಹಿರಿಯ ತಾಯಿ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿ, ಹುಡುಗಿಯರ ಹೆಣಿಗೆಯನ್ನು ಬೆರಳಿನಿಂದ ಸವರಿ ನೋಡಿ ಹೇಳಿದರು: "ನಮ್ಮ ಕೈ ತಪ್ಪಿಲ್ಲ ಸ್ವಾಮಿ, ಚೀಟಿ ತಪ್ಪಿದೆ. ಇವರದೇ ಚೆನ್ನಾಗಿ ಕಾಣ್ತದೆ. ನಮ್ಮದನ್ನೇ ಬಿಚ್ಚೋಣ."

ಅವರು ಕೊನೆಯ ಕುಣಿಕೆಯನ್ನು ಸಡಿಲಿಸಿ ನೂಲನ್ನು ಎಳೆದರು. ಎಷ್ಟೋ ದಿನಗಳ ಕೆಲಸ ಸರಸರನೆ ಬಿಚ್ಚಿಕೊಂಡು ಉಂಡೆಯಾಯಿತು. ಕ್ರೋಶಾದ ಗುಣವೇ ಅದು: ತಪ್ಪಿದರೆ ಬಿಚ್ಚಬಹುದು, ನೂಲು ಹಾಳಾಗುವುದಿಲ್ಲ. ಹಾಳಾಗುವುದು ಹೆಣೆದವರ ಹೊತ್ತು ಮಾತ್ರ.

ಅಂಚು ಹೆಣೆಯುವ ಕ್ರಮ

ಅಂದು ಸಭಾಂಗಣದಲ್ಲಿ ಅವರ ಪಕ್ಕದಲ್ಲಿ ಕುಳಿತು ನಾವು ಬರೆದುಕೊಂಡ ಕ್ರಮ ಹೀಗಿದೆ.

ತಯಾರಿ: ಬಟ್ಟೆಯ ಅಂಚನ್ನು ಕಿರಿದಾಗಿ ಎರಡು ಸಲ ಮಡಚಿ ಹೊಲಿಯಿರಿ. ಅದರ ಮೇಲೆ ಸೂಜಿಯಿಂದ ಕಾಜಾ ಹೊಲಿಗೆಯಂತೆಯೇ, ಆದರೆ ಒತ್ತೊತ್ತಾಗಿ ಅಲ್ಲ, ಅರ್ಧ ಸೆಂಟಿಮೀಟರಿಗೆ ಒಂದರಂತೆ ಬಿಡಿಬಿಡಿಯಾಗಿ ಸುತ್ತಲೂ ಹಾಕಿ. ಈ ಹೊಲಿಗೆಗಳ ನಡುವಿನ ಸಂದುಗಳೇ ಕ್ರೋಶಾಕ್ಕೆ ಅಡಿಪಾಯ. ಕೈ ಪಳಗಿದವರು ಚೂಪಾದ ಕಡ್ಡಿಯಿಂದ ಬಟ್ಟೆಯನ್ನೇ ಚುಚ್ಚಿ ನೂಲು ಎಳೆಯುತ್ತಾರೆ. ಹೊಸಬರು ಹಾಗೆ ಮಾಡಹೋದರೆ ತೂತುಗಳು ಏರುಪೇರಾಗುತ್ತವೆ.

ಮೊದಲ ಸಾಲು: ಪ್ರತಿ ಸಂದಿನಲ್ಲೂ ಎರಡು ಗಿಡ್ಡ ಹೊಲಿಗೆ. ಪ್ರತಿ ಮೂಲೆಯಲ್ಲಿ ಒಂದೇ ಜಾಗದಲ್ಲಿ ಮೂರು ಗಿಡ್ಡ ಹೊಲಿಗೆ. ಆ ಮೂರರಲ್ಲಿ ನಡುವಿನದಕ್ಕೆ ಬಣ್ಣದ ದಾರದ ಗುರುತು ಕಟ್ಟಿಡಿ.

ಎಣಿಕೆ: ಒಂದು ಮೂಲೆಯ ಗುರುತಿನಿಂದ ಮುಂದಿನ ಮೂಲೆಯ ಗುರುತಿನವರೆಗೆ, ಆ ಎರಡನ್ನೂ ಬಿಟ್ಟು, ನಡುವೆ ಇರುವ ಹೊಲಿಗೆಗಳನ್ನು ಎಣಿಸಿ. ಬರುವ ಅಂಕಿ 6ರ ಮಗ್ಗಿಗಿಂತ ಒಂದು ಕಡಿಮೆ ಇರಬೇಕು. ಉದಾಹರಣೆಗೆ 25 ಸೆಂಟಿಮೀಟರಿನ ಚೌಕ ಬಟ್ಟೆಯ ಒಂದು ಬದಿಯಲ್ಲಿ 50 ಸಂದುಗಳಿದ್ದರೆ 100 ಹೊಲಿಗೆ. ಎರಡು ತುದಿಗಳಲ್ಲಿ ಮೂಲೆಯ ಹೊಲಿಗೆ ಒಂದೊಂದು ಸೇರಿ 102. ನಮಗೆ ಬೇಕಾದದ್ದು 101. ಆದ್ದರಿಂದ ಯಾವುದಾದರೂ ಒಂದು ಸಂದಿನಲ್ಲಿ ಎರಡರ ಬದಲು ಒಂದೇ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆ ಬದಿಯಲ್ಲಿ ಮೂಲೆಗಳನ್ನು ಬಿಟ್ಟು 16 ಚಿಪ್ಪುಗಳು ಬರುತ್ತವೆ. ಎಣಿಸಲು ಬೇಸರಪಟ್ಟವರು ಕೊನೆಯ ಮೂಲೆಯಲ್ಲಿ ಅರ್ಧ ಚಿಪ್ಪು ಹಿಡಿದು ಕುಳಿತುಕೊಳ್ಳಬೇಕಾಗುತ್ತದೆ.

ಎರಡನೆಯ ಸಾಲು: ಇದು ಚಿಪ್ಪಿನ ಸಾಲು. ಒಂದು ಹೊಲಿಗೆಯಲ್ಲಿ ಒಂದು ಗಿಡ್ಡ ಹೊಲಿಗೆ. ಎರಡು ಬಿಟ್ಟು ಮೂರನೆಯದರಲ್ಲಿ, ಒಂದೇ ಜಾಗದಲ್ಲಿ ಐದು ಕಂಬ. ಮತ್ತೆ ಎರಡು ಬಿಟ್ಟು ಮೂರನೆಯದರಲ್ಲಿ ಗಿಡ್ಡ ಹೊಲಿಗೆ. ಹೀಗೆಯೇ ಮುಂದುವರಿಯಿರಿ. ಐದು ಕಂಬಗಳು ಒಂದೇ ಬುಡದಿಂದ ಎದ್ದು ಬೀಸಣಿಗೆಯ ಹಾಗೆ ಹರಡಿ ಚಿಪ್ಪಾಗುತ್ತವೆ. ಮೂಲೆಯ ಹತ್ತಿರ ಬಂದಾಗ ಗಿಡ್ಡ ಹೊಲಿಗೆಯ ನಂತರ ಎರಡು ಬಿಟ್ಟರೆ ನೇರವಾಗಿ ನಿಮ್ಮ ಬಣ್ಣದ ಗುರುತಿಗೇ ಬಂದಿರುತ್ತೀರಿ.

ಮೂಲೆ: ಎಲ್ಲರೂ ತಡವರಿಸುವ ಜಾಗ ಇದು. ಮೂಲೆಯಲ್ಲಿ ಒಳಗಿನ ದಾರಿಗಿಂತ ಹೊರಗಿನ ದಾರಿ ಉದ್ದ. ಅಲ್ಲಿಯೂ ಐದೇ ಕಂಬ ಹಾಕಿದರೆ ಸಾಲದೆ ಮೂಲೆ ಒಳಕ್ಕೆ ಮುದುಡುತ್ತದೆ. ಹತ್ತು ಹಾಕಿದರೆ ಹೆಚ್ಚಾಗಿ ನೆರಿಗೆ ಏಳುತ್ತದೆ. ಗುರುತಿನ ಹೊಲಿಗೆಯಲ್ಲಿ ಏಳು ಕಂಬ ಹಾಕಿ. ಮೂಲೆ ಚಪ್ಪಟೆಯಾಗಿ ಕೂರುತ್ತದೆ. ಬಿಗಿಯಾಗಿ ಹೆಣೆಯುವ ಕೈಯಾದರೆ ಒಂದು ಹೆಚ್ಚು ಬೇಕಾದೀತು. ಆಗಾಗ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ನೋಡಿದರೆ ಕಣ್ಣೇ ಹೇಳುತ್ತದೆ.

ಮೂರನೆಯ ಸಾಲು: ಪ್ರತಿ ಕಂಬದ ತಲೆಯ ಮೇಲೆ ಒಂದು ಗಿಡ್ಡ ಹೊಲಿಗೆ. ಚಿಪ್ಪಿನ ನಡುವಿನ ಕಂಬದ ಮೇಲೆ ಗಿಡ್ಡ ಹೊಲಿಗೆ ಹಾಕಿ, ಮೂರು ಚೈನು ಎಳೆದು, ಅದೇ ಜಾಗದಲ್ಲಿ ಇನ್ನೊಂದು ಗಿಡ್ಡ ಹೊಲಿಗೆ ಹಾಕಿ. ತುದಿಯಲ್ಲಿ ಪುಟ್ಟ ಮೊಗ್ಗು ಮೂಡುತ್ತದೆ. ಸಾಧಾರಣ ದಿನಗಳ ವಸ್ತ್ರಕ್ಕೆ ಈ ಸಾಲು ಇಲ್ಲದಿದ್ದರೂ ನಡೆದೀತು.

ಕೊನೆಯಲ್ಲಿ ನೂಲಿನ ತುದಿಯನ್ನು ಗಂಟು ಹಾಕಿ ಅಲ್ಲೇ ಕತ್ತರಿಸಬೇಡಿ. ಸೂಜಿಗೆ ಪೋಣಿಸಿ ಹಿಂಬದಿಯ ಹೊಲಿಗೆಗಳೊಳಗೆ ಮುಂದಕ್ಕೂ ಹಿಂದಕ್ಕೂ ಹಾಯಿಸಿ ಮರೆಮಾಡಿ. ಇಲ್ಲವಾದರೆ ನಾಲ್ಕು ಒಗೆತಕ್ಕೆ ಅದು ಬಿಚ್ಚಿಕೊಳ್ಳುತ್ತದೆ.

ಬಲಿಪೀಠಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಬಲಿಪೀಠದ ಮೇಲೆ ಕನಿಷ್ಠ ಒಂದು ಬಿಳಿಯ ವಸ್ತ್ರ ಇರಬೇಕು, ಅದರ ಆಕಾರ, ಅಳತೆ, ಅಲಂಕಾರ ಬಲಿಪೀಠದ ರಚನೆಗೆ ಹೊಂದಬೇಕು ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ತಿಳಿಸುತ್ತವೆ. ಹಾಗಾಗಿ ಅಂಚು ಇಳಿಬೀಳುವ ಭಾಗಗಳಲ್ಲಿರಲಿ. ಮೇಲ್ಭಾಗ ಸಮತಟ್ಟಾಗಿರಲಿ. ಪೂಜಾಪಾತ್ರೆ ಎಡವುವಂತಹ ದಪ್ಪ ಹೆಣಿಗೆ ಅಲ್ಲಿ ಬೇಡ.

ಪರಮಪ್ರಸಾದ ಇರಿಸುವ ಕಾರ್ಪೊರಲ್ ಎಂಬ ಚೌಕ ವಸ್ತ್ರಕ್ಕೆ ಕ್ರೋಶಾದ ರಂಧ್ರಗಳ ಅಂಚು ತಕ್ಕದ್ದಲ್ಲ. ಪ್ರಸಾದದ ಸಣ್ಣ ಕಣಗಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ಸಾದಾ ಮಡಿಕೆಯಲ್ಲೇ ಬಿಡಿ. ಆ ವಸ್ತ್ರವನ್ನೂ, ಪಾನಪಾತ್ರೆ ಒರೆಸುವ ವಸ್ತ್ರವನ್ನೂ ಮೊದಲು ಅದ್ದಿದ ನೀರನ್ನು ಚರಂಡಿಗೆ ಚೆಲ್ಲದೆ, ಅದಕ್ಕೆಂದೇ ಇರುವ ತೊಟ್ಟಿಗೋ ಶುದ್ಧವಾದ ನೆಲಕ್ಕೋ ಸುರಿಯಬೇಕು. 2004ರಲ್ಲಿ ರೋಮಿನಿಂದ ಬಂದ ನಿರ್ದೇಶನಪತ್ರದಲ್ಲಿಯೂ ಇದನ್ನು ಹೇಳಲಾಗಿದೆ.

ಕ್ರೋಶಾ ಅಂಚಿನ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿ ಕೈಯಲ್ಲಿ ಮೆಲ್ಲನೆ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ತಿರುಚಿ ಹಿಂಡಬೇಡಿ. ಒದ್ದೆಯಿರುವಾಗಲೇ ದಪ್ಪ ಟವೆಲಿನ ಮೇಲೆ ಹಾಸಿ, ಚಿಪ್ಪುಗಳನ್ನು ಬೆರಳಿನಿಂದ ಬಿಡಿಸಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ನಿಲ್ಲಿಸಿ ಒಣಗಿಸಿ. ತೆಳುವಾದ ಅಕ್ಕಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿದರೆ ಅಂಚು ಗರಿಗರಿಯಾಗಿ ನಿಲ್ಲುತ್ತದೆ. ಇಸ್ತ್ರಿಯನ್ನು ಹಿಂಬದಿಯಿಂದ ಮಾಡಿ. ಹಬ್ಬ ಮುಗಿದ ಮೇಲೆ ಗಂಜಿ ಹೋಗುವಂತೆ ಒಗೆದೇ ಬೀರುವಿನಲ್ಲಿಡಿ, ಗಂಜಿಗೆ ಹುಳು ಬರುತ್ತದೆ. ಮೇಣ ಬಿದ್ದಿದ್ದರೆ ಗಟ್ಟಿಯಾದ ಮೇಲೆ ಮೆಲ್ಲನೆ ಕೆರೆದು, ಉಳಿದದ್ದರ ಮೇಲೂ ಕೆಳಗೂ ಮಸಿಯಿಲ್ಲದ ಕಾಗದವಿಟ್ಟು ಹದವಾದ ಇಸ್ತ್ರಿ ಹಾಯಿಸಿದರೆ ಕಾಗದ ಮೇಣವನ್ನು ಹೀರುತ್ತದೆ.

ಒಂದು ಮೀಟರಿಗೆ ಎರಡು ಗಂಟೆ

ಅಂದು ಸಭಾಂಗಣದಲ್ಲಿ ಮಾಡಲು ಬೇರೆ ಕೆಲಸವಿಲ್ಲದ ನಾವು ಗಡಿಯಾರ ನೋಡುತ್ತಾ ಕುಳಿತೆವು. ಪಳಗಿದ ಕೈಗೂ ಒಂದು ಮೀಟರ್ ಬುಡದ ಸಾಲಿಗೆ 50 ನಿಮಿಷ, ಚಿಪ್ಪಿನ ಸಾಲಿಗೆ 40, ಮೊಗ್ಗಿನ ಸಾಲಿಗೆ 30. ಒಟ್ಟು ಎರಡು ಗಂಟೆ. ಎಂಟು ಮೀಟರಿಗೆ 16 ಗಂಟೆ. ನಮ್ಮ ಚೀಟಿಯಿಂದಾಗಿ ಬಿಚ್ಚಿ ಮತ್ತೆ ಹೆಣೆದ ನಾಲ್ಕು ಮೀಟರನ್ನು ಸೇರಿಸಿದರೆ 20 ಗಂಟೆ ದಾಟಿತು. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ಹಿಡಿದರೆ ಎರಡೂವರೆ ದಿನದ ಕೂಲಿ. ಕುಚ್ಚು ಹಾಕುವ ಆ ಸಹೋದರಿ ಅಷ್ಟು ಹೊತ್ತಿನಲ್ಲಿ ಎಷ್ಟು ಸೀರೆ ಮುಗಿಸುತ್ತಿದ್ದರೋ, ಯಾರ ಮದುವೆಯ ಸೀರೆಯನ್ನು ಮರುದಿನಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರೋ ನಾವು ಕೇಳಲಿಲ್ಲ.

ಹಬ್ಬ ವಿಜೃಂಭಣೆಯಿಂದ ನಡೆಯಿತು. ಬಲಿಪೂಜೆಯ ಕೊನೆಯಲ್ಲಿ ವಂದನಾರ್ಪಣೆ ಮಾಡಿದೆವು. ದಾನಿಗಳ ಹೆಸರು, ಪೆಂಡಾಲಿನವರು, ದೀಪಾಲಂಕಾರದವರು, ಬ್ಯಾಂಡಿನವರು, ಊಟ ಬಡಿಸಿದವರು, ಬಂದೋಬಸ್ತಿನ ಪೊಲೀಸರು, ಎಲ್ಲರನ್ನೂ ನೆನೆದೆವು. ಇವರಲ್ಲಿ ಹಲವರು ತಮ್ಮ ಕೆಲಸಕ್ಕೆ ಪೂರ್ತಿ ಹಣ ಪಡೆದವರು. ಅಂಚು ಹೆಣೆದ ನಾಲ್ವರು ಆ ಪಟ್ಟಿಯಲ್ಲಿ ಇರಲಿಲ್ಲ. ನಾವು ಮರೆತಿದ್ದೆವು. ಅವರು ಹೆಣೆದ ವಸ್ತ್ರದ ಮೇಲೆಯೇ ಕೈಯಿಟ್ಟು ನಿಂತು ಮರೆತಿದ್ದೆವು.

ಸಂಜೆ ತೇರು ಮುಗಿದ ಮೇಲೆ ಆ ಹಿರಿಯ ತಾಯಿ ಆಶೀರ್ವಾದಕ್ಕೆಂದು ಹತ್ತಿರ ಬಂದರು. ದೂರಿನ ಮಾತು ಒಂದೂ ಇಲ್ಲ. ಕೇಳಿದ್ದು ಇಷ್ಟೇ: "ಮೂಲೆ ಸರಿಯಾಗಿ ಕೂತಿತ್ತಾ ಸ್ವಾಮಿ? ನಾವು ಹಿಂದಿನ ಸಾಲಲ್ಲಿದ್ವಿ, ಕಾಣಲಿಲ್ಲ." ದಿನವಿಡೀ ಬಲಿಪೀಠದ ಬಳಿಯಲ್ಲೇ ಇದ್ದ ನಮಗೆ ಉತ್ತರ ಗೊತ್ತಿರಲಿಲ್ಲ. ನಾವು ನೋಡಿಯೇ ಇರಲಿಲ್ಲ. ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದೆವು. ಅವರು ಬಗ್ಗಿ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಅಂಗೈಯಲ್ಲಿ ಹಿಡಿದು ನೋಡಿ, ತಲೆಯಾಡಿಸಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಟರು.

ಕೈಕೆಲಸದ ಲೆಕ್ಕ

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು ನರಸಾಪುರದ ಲೇಸು ಹೆಣೆಯುವ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮನೆಗೆಲಸದ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಬಿಡುವಿನ ವೇಳೆಯಲ್ಲಿ ಏನೋ ಮಾಡುವ ಗೃಹಿಣಿಯರೆಂದೇ ಎಲ್ಲರ ಭಾವನೆ. ಲೇಸು ಹೊರದೇಶಗಳಿಗೆ ಹೋಗುತ್ತಿತ್ತು, ಲಾಭ ವ್ಯಾಪಾರಿಗಳಿಗೆ ಹೋಗುತ್ತಿತ್ತು, ಹೆಣೆದವರಿಗೆ ಅತ್ಯಲ್ಪ ಕೂಲಿ ಉಳಿಯುತ್ತಿತ್ತು ಎಂದು ಅವರು ತೋರಿಸಿಕೊಟ್ಟರು. ಬಿಡುವಿನ ಕೆಲಸ ಎಂಬ ಈ ಒಂದು ಮಾತಿನಿಂದ ಎಷ್ಟೊಂದು ದುಡಿಮೆ ಲೆಕ್ಕಕ್ಕೇ ಬರದೆ ಹೋಗುತ್ತದೆ! ಅವರು ವ್ಯಾಪಾರಿಗಳ ಬಗ್ಗೆ ಬರೆದದ್ದನ್ನು ಓದುವಾಗ ನಮಗೆ ನಮ್ಮ ವಂದನಾರ್ಪಣೆಯ ಪಟ್ಟಿ ನೆನಪಾಯಿತು.

ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಅಗ್ಗವಾಗಿ ಸಿಗುವ ಲೇಸು ಸಾಮಾನ್ಯವಾಗಿ ಯಂತ್ರದ ಹೆಣಿಗೆ. ನೋಡಲಷ್ಟೇ ಕ್ರೋಶಾದ ಹಾಗೆ. ಮಾರುಕಟ್ಟೆಗೆ ನಿಜವಾದ ಕ್ರೋಶಾ ಇಂದಿಗೂ ಕೈಯಿಂದಲೇ ಆಗುತ್ತಿದೆ. ಯಂತ್ರದ ಲೇಸು ಕೊಳ್ಳುವುದು ತಪ್ಪಲ್ಲ. ಆದರೆ ಕೈಕೆಲಸ ಬೇಕೆಂದು ಕೇಳಿ ಯಂತ್ರದ ಬೆಲೆ ಕೊಡುವುದು ತಪ್ಪು. ಕುಚ್ಚು ಹಾಕಿಸಿಕೊಂಡು, ರೇಷ್ಮೆ ಸೀರೆಗೆ ಸಾವಿರಾರು ರೂಪಾಯಿ ಕೊಟ್ಟವರು ಕುಚ್ಚಿನವಳ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾವು ದೇವಾಲಯದ ಅಂಗಳದಲ್ಲೇ ಕೇಳಿದ್ದೇವೆ. ಅಂತಹ ಚೌಕಾಸಿಯನ್ನು ನಾವು ಸೇವೆ ಎಂಬ ಹೆಸರಿನಲ್ಲಿ ಇನ್ನೂ ಸುಲಭವಾಗಿ ಮಾಡಿದ್ದೆವು. ಕೇಳದೆಯೇ ಉಚಿತವೆಂದು ತೀರ್ಮಾನಿಸಿಬಿಟ್ಟಿದ್ದೆವು.

ಆ ಹಬ್ಬದ ನಂತರ ವಿಷಯವನ್ನು ಪಾಲನಾ ಸಮಿತಿಯ ಮುಂದಿಟ್ಟೆವು. ಈಗ ನಮ್ಮ ಧರ್ಮಕೇಂದ್ರದ ಹಬ್ಬದ ಖರ್ಚಿನ ಪಟ್ಟಿಯಲ್ಲಿ ಪೀಠವಸ್ತ್ರದ ಕೆಲಸಕ್ಕೂ ಒಂದು ಸಾಲು ಇದೆ. ಹೆಣೆಯುವವರಿಗೆ ಗಂಟೆಯ ಲೆಕ್ಕದಲ್ಲಿ ಕೂಲಿಯನ್ನು ಮೊದಲೇ ಹೇಳುತ್ತೇವೆ. ಬೇಡ, ಇದು ನನ್ನ ಕಾಣಿಕೆ ಎನ್ನುವವರಿದ್ದಾರೆ. ಅದು ಅವರ ಇಷ್ಟ, ಆಗ ಅದು ನಿಜವಾಗಿಯೂ ಕಾಣಿಕೆ. ಕೂಲಿ ಪಡೆಯುವವರು ತಲೆತಗ್ಗಿಸಿ ಪಡೆಯಬೇಕಾಗಿಲ್ಲ. ಯಾವ ವಸ್ತ್ರವನ್ನು ಯಾರು, ಯಾವ ವರ್ಷ ಹೆಣೆದರು ಎಂಬುದನ್ನು ಬೀರುವಿನಲ್ಲಿಟ್ಟ ಪುಸ್ತಕದಲ್ಲಿ ಬರೆದಿಡುತ್ತೇವೆ. ಚೀಟಿಯಲ್ಲಿ ಈಗ ಗಿಡ್ಡ ಹೊಲಿಗೆ, ಕಂಬ ಎಂದೇ ಬರೆಯುತ್ತೇವೆ. ಪಕ್ಕದಲ್ಲಿ ಅಂಗೈಯಗಲದ ಮಾದರಿಯೊಂದನ್ನು ಹೆಣೆದು ಪಿನ್ನು ಹಾಕಿಕೊಡುತ್ತಾರೆ ಆ ಹಿರಿಯ ತಾಯಿ. ಹುಡುಗಿಯರಿಬ್ಬರು ಶನಿವಾರ ಸಂಜೆ ಅವರ ಮನೆಗೇ ಹೋಗಿ ಮೂಲೆ ತಿರುಗಿಸುವುದನ್ನು ಕಲಿಯುತ್ತಿದ್ದಾರೆ.

ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದಲ್ಲಿ ಜೊಪ್ಪ ಎಂಬ ಊರಿನ ತಬಿಥಾಳ ವೃತ್ತಾಂತವಿದೆ. ಆಕೆ ತೀರಿಕೊಂಡಾಗ ಸಂತ ಪೇತ್ರರು ಬಂದರು. ಊರಿನ ವಿಧವೆಯರು ಅಳುತ್ತಾ ಅವರ ಸುತ್ತ ನಿಂತು, ಆಕೆ ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ತೋರಿಸಿದರು. ಆಕೆ ಬೋಧಿಸಿದಳೆಂದು ಅಲ್ಲಿ ಬರೆದಿಲ್ಲ, ಬಟ್ಟೆ ಹೊಲಿದಳೆಂದು ಬರೆದಿದೆ. ಅಷ್ಟಕ್ಕೇ ಸಂತ ಲೂಕರು ಆಕೆಯ ಹೆಸರನ್ನು ಎರಡು ಭಾಷೆಗಳಲ್ಲಿ, ತಬಿಥಾ ಎಂದೂ ದೊರ್ಕಾ ಎಂದೂ ದಾಖಲಿಸಿದ್ದಾರೆ.

ಪ್ರಿಯರೇ, ಈ ಹಬ್ಬಕ್ಕೆ ನಿಮ್ಮ ದೇವಾಲಯದ ಪೀಠವಸ್ತ್ರವನ್ನು ಹಾಸುವಾಗ ಅದರ ಒಂದು ಮೂಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಇದನ್ನು ಹೆಣೆದವರು ಯಾರು ಎಂದು ಕೇಳಿ. ಅವರು ಬದುಕಿದ್ದರೆ ಮನೆಗೆ ಹೋಗಿ ಮೂಲೆ ಚೆನ್ನಾಗಿ ಕೂತಿದೆ ಎಂದು ತಿಳಿಸಿ ಬನ್ನಿ. ತೀರಿಕೊಂಡಿದ್ದರೆ ಆ ದಿನದ ಬಲಿಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಿ. ನಿಮ್ಮ ಮನೆಯಲ್ಲೇ ಅಂತಹ ಅಜ್ಜಿಯೊಬ್ಬರಿದ್ದರೆ ಒಂದು ಉಂಡೆ ನೂಲು, ಒಂದು ಕಡ್ಡಿ ತಂದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ಸಾಲು ಸೊಟ್ಟಗಾದೀತು, ಬಿಚ್ಚಿ ಮತ್ತೆ ಹೆಣೆಯಿರಿ.

ಮಾತೆ ಮರಿಯಮ್ಮನವರ ಜನನೋತ್ಸವದ ಶುಭಾಶಯಗಳು.